ಅಳೆದೂ ಸುರಿದೂ ಕೊಳ್ಳುವ ಮುನ್ನ

ಒಂದು ವಸ್ತುವನ್ನು ಮನೆಗೆ ತರುವ ಮೊದಲು ನಾಲ್ಕು ಕಡೆ ವಿಚಾರಿಸಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವರು ಮಣ್ಣಿನ ಮಡಕೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ ಕೊಳ್ಳುತ್ತಿದ್ದರು. ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಿದ್ದರು. ಬಟ್ಟೆಯನ್ನು ಅಂಗಡಿಯ ಹೊರಗೆ ತಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಕಷ್ಟಪಟ್ಟು ದುಡಿದ ಹಣವನ್ನು ಕಣ್ಣು ಮುಚ್ಚಿ ಕೊಡಬಾರದು ಎಂಬ ವಿವೇಕ ಅದರಲ್ಲಿತ್ತು. ಟಿವಿ, ಫ್ರಿಜ್, ವಾಷಿಂಗ್ ಮೆಷಿನ್‌ಗಳನ್ನು ಕೊಳ್ಳುವಾಗ ನಾವೂ ಅದೇ ವಿವೇಕವನ್ನು ಪಾಲಿಸುತ್ತಿದ್ದೇವೆ ಎಂದುಕೊಂಡಿದ್ದೇವೆ. ಆದರೆ ನಿಜವಾಗಿಯೂ ನಾವು ಏನನ್ನು ವಿಚಾರಿಸುತ್ತಿದ್ದೇವೆ? ಯಾರ ಬಳಿ ವಿಚಾರಿಸುತ್ತಿದ್ದೇವೆ? ಈ ಪ್ರಶ್ನೆ ನಮ್ಮನ್ನು ಕಾಡತೊಡಗಿದ್ದು ನಮ್ಮದೇ ಮನೆಯ ಒಂದು ಸಣ್ಣ ಪ್ರಸಂಗದಿಂದ.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡದಾದ ಟಿವಿಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ದಸರೆಯ ಹೊತ್ತು. ಪತ್ರಿಕೆಗಳ ಪುಟಪುಟಗಳಲ್ಲೂ ಜಾಹೀರಾತು. ನಮ್ಮ ಮನೆಯಲ್ಲಿದ್ದದ್ದು 2014ರಲ್ಲಿ ಕೊಂಡ 32 ಇಂಚಿನ ಟಿವಿ. ಅದರ ಮೇಲೆ ಮನೆಮಂದಿಗೆ ಆಗಲೇ ಒಂದು ದೂರು ಇತ್ತು. ಅಮ್ಮನಿಗೆ ಅದರಲ್ಲಿ ಮಾತು ತಿಳಿಯುತ್ತಿರಲಿಲ್ಲ. “ಇದರಲ್ಲಿ ಸ್ವರ ಬರುತ್ತದೆ, ಮಾತು ಬರುವುದಿಲ್ಲ” ಎಂದು ಅವರು ಆಗಾಗ ಹೇಳುತ್ತಿದ್ದರು. ಸಂಜೆಯ ವಾರ್ತೆಗೆ ಅವರು ವಾಲ್ಯೂಮನ್ನು ನಲವತ್ತರವರೆಗೆ ಏರಿಸಿದರೆ, ಪಕ್ಕದ ಕೋಣೆಯಲ್ಲಿ ಓದುವ ಮಕ್ಕಳು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊಸ ಟಿವಿ ಕೊಳ್ಳುವುದೆಂದು ತೀರ್ಮಾನವಾಯಿತು. ಐವತ್ತು ಸಾವಿರ ರೂಪಾಯಿ ಎತ್ತಿಟ್ಟೆವು. ಇಷ್ಟು ಹಣ ಹಾಕುವಾಗ ಸರಿಯಾಗಿ ನೋಡಿಯೇ ಕೊಳ್ಳಬೇಕೆಂದು ಮಕ್ಕಳ ಹಳೆಯ ನೋಟ್‌ಬುಕ್ಕೊಂದನ್ನು ತೆಗೆದುಕೊಂಡು ಗೆರೆ ಎಳೆದೆವು.

ಆ ನೋಟ್‌ಬುಕ್ ಈಗಲೂ ನಮ್ಮಲ್ಲಿದೆ. ಹನ್ನೊಂದು ಮಾಡೆಲ್‌ಗಳು, ಗಾತ್ರ, ರೆಸಲ್ಯೂಶನ್, ಸ್ಪೀಕರಿನ ವಾಟ್, ಸ್ಟಾರ್, ವಾರಂಟಿ, ಬೆಲೆ ಎಂದು ಆರು ಕಾಲಂಗಳು. ಮೂರು ವಾರಗಳ ಕಾಲ ಅದರಲ್ಲಿ ಮುಳುಗಿದ್ದೆವು. ಊಟದ ಹೊತ್ತಿನಲ್ಲೂ ಅದೇ ಮಾತು. ಹಾಗೆಂದು ಆ ಶ್ರಮವೆಲ್ಲ ವ್ಯರ್ಥವಾಯಿತು ಎಂದು ಹೇಳಲಾರೆವು. ಕೆಲವು ಸಂಗತಿಗಳು ನಮಗೆ ತಿಳಿದವು, ಅವು ಓದುಗರಿಗೂ ಉಪಯೋಗವಾದೀತು.

ಮೊದಲನೆಯದು ತೆರಿಗೆಯ ಲೆಕ್ಕ. ತೆರಿಗೆ ಶೇ. 10ರಷ್ಟು ಇಳಿದರೆ ಬೆಲೆಯೂ ಶೇ. 10ರಷ್ಟು ಇಳಿಯಬೇಕೆಂದು ನಾವು ಎಣಿಸಿದ್ದೆವು. ಆದರೆ ನೂರು ರೂಪಾಯಿಯ ಸರಕು ಮೊದಲು 128 ರೂಪಾಯಿಗೆ ಬರುತ್ತಿತ್ತು, ಈಗ 118ಕ್ಕೆ ಬರುತ್ತದೆ. 128ರಲ್ಲಿ ಹತ್ತು ಎಂದರೆ ಶೇ. 8ಕ್ಕಿಂತಲೂ ಸ್ವಲ್ಪ ಕಡಿಮೆ. ಎರಡನೆಯದು ಸ್ಟಾರ್‌ಗಳ ಲೆಕ್ಕ. 2002ರಲ್ಲಿ ಸ್ಥಾಪನೆಯಾದ ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಸ್ಟಾರ್ ಗುರುತಿನ ಕ್ರಮವನ್ನು ಆರಂಭಿಸಿತು. ಅದು ಒಳ್ಳೆಯ ಕೆಲಸವೇ. ಆದರೆ ಟಿವಿಯ ಸ್ಟಾರನ್ನು ಅದರ ಗಾತ್ರಕ್ಕೆ ಹೋಲಿಸಿ ಕೊಡುತ್ತಾರೆ. ಆದ್ದರಿಂದ ಹೆಚ್ಚು ಸ್ಟಾರ್ ಇರುವ ದೊಡ್ಡ ಟಿವಿ, ಕಡಿಮೆ ಸ್ಟಾರ್ ಇರುವ ಸಣ್ಣ ಟಿವಿಗಿಂತ ಹೆಚ್ಚು ಕರೆಂಟ್ ಉರಿಸಬಹುದು. ನಮ್ಮ ಹಳೆಯ ಟಿವಿಯ ಬೆನ್ನಿನಲ್ಲಿ 45 ವಾಟ್ ಎಂದು ಬರೆದಿತ್ತು. ದಿನಕ್ಕೆ ಐದು ಗಂಟೆಯಂತೆ ವರ್ಷಕ್ಕೆ ಸುಮಾರು 82 ಯೂನಿಟ್. ನಾವು ಆಸೆಪಟ್ಟಿದ್ದ 55 ಇಂಚಿನದಕ್ಕೆ 120 ವಾಟ್, ಅಂದರೆ ವರ್ಷಕ್ಕೆ 219 ಯೂನಿಟ್. ಕರೆಂಟ್ ಉಳಿಸುವ ಟಿವಿ ಎಂದು ನಾವು ಪರಸ್ಪರ ಹೇಳಿಕೊಳ್ಳುತ್ತಿದ್ದದ್ದು ಅದನ್ನೇ.

ಮೂರನೆಯದು ಚಿತ್ರದ ಸ್ಪಷ್ಟತೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗದಷ್ಟು ಅಂತರದಲ್ಲಿರುವ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲದು, ಅದಕ್ಕಿಂತ ಹತ್ತಿರವಿದ್ದರೆ ಅವು ಒಂದೇ ಆಗಿ ಕಾಣುತ್ತವೆ. 55 ಇಂಚಿನ ಟಿವಿಯ ಅಗಲ ಸುಮಾರು 122 ಸೆಂಟಿಮೀಟರ್. ಫುಲ್ ಎಚ್‌ಡಿಯಲ್ಲಿ ಆ ಅಗಲದಲ್ಲಿ 1920 ಚುಕ್ಕೆಗಳಿರುತ್ತವೆ, 4ಕೆ ಎಂಬುದರಲ್ಲಿ 3840. ಲೆಕ್ಕ ಹಾಕಿದರೆ, ಸುಮಾರು ಏಳು ಅಡಿಗಿಂತ ಹೆಚ್ಚು ದೂರ ಕುಳಿತವನಿಗೆ ಚುಕ್ಕೆಗಳ ಸಂಖ್ಯೆಯಿಂದ ಆಗುವ ವ್ಯತ್ಯಾಸ ಕಾಣಿಸುವುದೇ ಇಲ್ಲ. ಬಣ್ಣ, ಬೆಳಕಿನ ಗುಣದಲ್ಲಿ ವ್ಯತ್ಯಾಸ ಇರಬಹುದು, ಅದು ಬೇರೆ ಮಾತು. ನಮ್ಮ ಹಾಲ್‌ನಲ್ಲಿ ಸೋಫಾದಿಂದ ಟಿವಿಗೆ ಹತ್ತು ಅಡಿ. ಕಣ್ಣಿಗೆ ಕಾಣದ ಚುಕ್ಕೆಗಳಿಗಾಗಿ ನಾವು ಎರಡು ವಾರ ವಾದ ಮಾಡಿದ್ದೆವು.

ಅಂಗಡಿಯಲ್ಲಿ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತಿತ್ತು! ಅದಕ್ಕೆ ಕಾರಣವೂ ಇದೆ. ಅಲ್ಲಿ ನಾವು ನಿಲ್ಲುವುದು ನಾಲ್ಕು ಅಡಿ ದೂರದಲ್ಲಿ. ಅಂಗಡಿಯ ಟಿವಿಗಳಲ್ಲಿ ಬೆಳಕು ಮತ್ತು ಬಣ್ಣವನ್ನು ಮನೆಗೆ ಬೇಕಾದುದಕ್ಕಿಂತ ಹೆಚ್ಚಿಸಿ ಇಟ್ಟಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಹತ್ತು ಟಿವಿಗಳು ಒಂದರ ಪಕ್ಕ ಒಂದು ಇರುತ್ತವೆ. ಕ್ರಿಸ್ಟೋಫರ್ ಶೀ ಮತ್ತು ಜಿಯಾವೊ ಝಾಂಗ್ ಎಂಬ ಮನಶ್ಶಾಸ್ತ್ರದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದನ್ನೇ ಚರ್ಚಿಸಿದ್ದಾರೆ. ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟು ಆರಿಸುವಾಗ ನಮಗೆ ದೊಡ್ಡದಾಗಿ ತೋರುವ ವ್ಯತ್ಯಾಸ, ಒಂದನ್ನೇ ಇಟ್ಟುಕೊಂಡು ಬದುಕುವಾಗ ಅಷ್ಟು ದೊಡ್ಡದಾಗಿರುವುದಿಲ್ಲ. ನಾವು ಕೊಳ್ಳುವುದು ಹೋಲಿಸಿ, ಬಾಳುವುದು ಹೋಲಿಕೆಯಿಲ್ಲದೆ. ಮನೆಯ ಗೋಡೆಯ ಮೇಲೆ ಇರುವುದು ಒಂದೇ ಟಿವಿ.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ಹಾಗಾದರೆ ವಿಚಾರಿಸುವುದೇ ತಪ್ಪೇ? ಅಂಗಡಿಯವನು ತೋರಿಸಿದ್ದನ್ನು ತೆಗೆದುಕೊಂಡು ಬರಬೇಕೇ?’ ಖಂಡಿತ ಅಲ್ಲ. ವಿಚಾರಿಸದೆ ಕೊಳ್ಳುವುದು ಹಣವಿದ್ದವರಿಗೆ ಮಾತ್ರ ಸಾಧ್ಯವಾಗುವ ಐಷಾರಾಮ. ಬೀಡಿ ಕಟ್ಟಿ ಉಳಿಸಿದ ಹಣದಲ್ಲಿ ಫ್ರಿಜ್ ತರುವ ಮನೆಯಲ್ಲಿ ಒಂದು ತಪ್ಪು ಆಯ್ಕೆಯೆಂದರೆ ಹಲವು ತಿಂಗಳ ದುಡಿಮೆ ಮಣ್ಣುಪಾಲಾದಂತೆ. ಗಲ್ಫ್‌ನಲ್ಲಿ ಬೆವರು ಸುರಿಸುವ ಮಗ ಕಳಿಸಿದ ಹಣವನ್ನು ಅಳೆದು ತೂಗಿ ಖರ್ಚು ಮಾಡುವ ತಾಯಂದಿರನ್ನು ನಾವು ಬಲ್ಲೆವು. ಅವರ ವಿಚಾರಣೆಯಲ್ಲಿ ಆ ಮಗನ ಬೆವರಿನ ಗೌರವವಿದೆ. ಗ್ರಾಹಕನಿಗೆ ಮಾಹಿತಿ ಪಡೆಯುವ ಹಕ್ಕಿದೆಯೆಂದು 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಹೇಳಿತು. ಅದರ ಜಾಗಕ್ಕೆ ಬಂದ 2019ರ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ಆ ಹಕ್ಕನ್ನು ಬಳಸಬೇಕು. ನಮ್ಮ ಸಂಶಯ ವಿಚಾರಿಸುವುದರ ಬಗ್ಗೆ ಅಲ್ಲ, ವಿಚಾರಣೆ ಹಿಡಿಯುವ ದಾರಿಯ ಬಗ್ಗೆ.

ನಮ್ಮ ನೋಟ್‌ಬುಕ್ಕಿನ ಆರು ಕಾಲಂಗಳನ್ನೇ ನೋಡಿ. ಅವುಗಳನ್ನು ಎಳೆದವರು ನಾವೇ, ನಿಜ. ಆದರೆ ತಲೆಬರಹಗಳು ಎಲ್ಲಿಂದ ಬಂದವು? ಪೆಟ್ಟಿಗೆಯ ಮೇಲೆ ತಯಾರಕರು ಅಚ್ಚು ಹಾಕಿಸಿದ ಪಟ್ಟಿಯಿಂದ. ಪ್ರಶ್ನೆಪತ್ರಿಕೆಯನ್ನು ಮಾರುವವರೇ ಸಿದ್ಧಪಡಿಸಿದ್ದರು. ನಾವು ಶ್ರದ್ಧೆಯಿಂದ ಉತ್ತರಗಳನ್ನು ತಾಳೆ ನೋಡಿದೆವು, ಅಷ್ಟೇ. ಈ ವಸ್ತು ಕೆಟ್ಟರೆ ನಮ್ಮ ಊರಿನಲ್ಲಿ ರಿಪೇರಿ ಮಾಡುವವರು ಯಾರು, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಒಳಗಿನ ತಂತ್ರಾಂಶವನ್ನು ಎಷ್ಟು ಕಾಲ ನವೀಕರಿಸುತ್ತಾರೆ ಎಂಬುದಕ್ಕೆ ನಮ್ಮಲ್ಲಿ ಕಾಲಂ ಇರಲಿಲ್ಲ, ಯಾಕೆಂದರೆ ಪೆಟ್ಟಿಗೆಯ ಮೇಲೆ ಅವು ಇರಲಿಲ್ಲ. ಫ್ರಾನ್ಸ್ ದೇಶದಲ್ಲಿ 2021ರ ಜನವರಿಯಿಂದ ಟಿವಿಯೂ ಸೇರಿದಂತೆ ಕೆಲವು ವಸ್ತುಗಳನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂಬುದಕ್ಕೆ ಹತ್ತರಲ್ಲಿ ಇಷ್ಟು ಅಂಕ ಎಂದು ಬರೆದು ಮಾರಬೇಕಾಯಿತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಕುರಿತು ಸಮಿತಿಯೊಂದನ್ನು ನೇಮಿಸಿತು. ಒಂದು ಪ್ರಶ್ನೆ ಪೆಟ್ಟಿಗೆಯ ಮೇಲೆ ಬರಬೇಕಾದರೆ ಸರಕಾರಗಳೇ ಮುಂದೆ ಬರಬೇಕಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಹಳೆಯ ವಸ್ತು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಹಾಗೆಯೇ. ಅಂಗಡಿಯಲ್ಲಿ ಹಳೆಯದಕ್ಕೆ ಎರಡು ಸಾವಿರ ಕೊಡುತ್ತೇವೆ ಎಂದರು. ಅದನ್ನು ಏನು ಮಾಡುತ್ತೀರಿ ಎಂದು ಕೇಳಿದೆವು. “ಗೋಡೌನಿಗೆ ಹೋಗ್ತದೆ” ಎಂದ ಅಲ್ಲಿನ ಹುಡುಗ. ಗೋಡೌನಿನಿಂದ ಮುಂದೆ? ಅವನಿಗೂ ಗೊತ್ತಿರಲಿಲ್ಲ, ಅದು ಅವನ ತಪ್ಪಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊಣೆ ಹೊರಿಸಿವೆ. ಆದರೂ ದೆಹಲಿಯ ಸೀಲಂಪುರದಂತಹ ಕಡೆಗಳಲ್ಲಿ ಬಡವರ ಕೈಗಳು ಇಂತಹ ಕಸವನ್ನು ಒಡೆದು, ಸುಟ್ಟು, ತಾಮ್ರ ಹೆಕ್ಕಿ ಬದುಕಿದ ಕತೆ ಎಲ್ಲರಿಗೂ ಗೊತ್ತಿರುವುದೇ. ನಮ್ಮ ಅಟ್ಟದಲ್ಲಿ 2014ಕ್ಕೂ ಮೊದಲಿನ, ದೊಡ್ಡ ಹೊಟ್ಟೆಯ ಟಿವಿಯೊಂದು ಈಗಲೂ ಕುಳಿತಿದೆ. ಅಂತಹ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಕಿಲೋ ಲೆಕ್ಕದಲ್ಲಿ ಸೀಸ ಇರುತ್ತದೆ. ಅದನ್ನು ಕೊಳ್ಳುವಾಗ ನಾವು ಅಂಗಡಿ ಅಂಗಡಿ ಅಲೆದಿದ್ದೆವು. ಬಿಡುವಾಗ ಏನು ಮಾಡಬೇಕೆಂದು ಯಾರನ್ನೂ ಕೇಳಿರಲಿಲ್ಲ.

ವಿಚಾರಣೆಗೆ ಇನ್ನೊಂದು ಗುಣವಿದೆ. ಅದು ಇಲ್ಲದ ಕೊರತೆಯನ್ನು ಹುಟ್ಟಿಸುತ್ತದೆ. ಮೂರು ವಾರಗಳ ಹಿಂದೆ ನಮ್ಮ ಟಿವಿಯ ಚಿತ್ರದ ಬಗ್ಗೆ ಮನೆಯಲ್ಲಿ ಯಾರಿಗೂ ದೂರಿರಲಿಲ್ಲ. ಇದ್ದದ್ದು ಶಬ್ದದ ದೂರು ಮಾತ್ರ. ಹನ್ನೊಂದು ಮಾಡೆಲ್‌ಗಳನ್ನು ನೋಡಿ ಬಂದ ಮೇಲೆ ನಮ್ಮದರ ಕಪ್ಪು ಬಣ್ಣ ಬೂದಿಯಂತೆ ಕಂಡಿತು, ಅಂಚು ದಪ್ಪವಾಗಿ ಕಂಡಿತು. ಟಿವಿ ಇಡುವ ಮೇಜೂ ಹಳತಾಗಿದೆ ಎನಿಸಿತು. ಹದಿನೆಂಟನೆಯ ಶತಮಾನದ ಫ್ರೆಂಚ್ ಚಿಂತಕ ದಿದೆರೊ 1769ರಲ್ಲಿ ತನ್ನ ಹಳೆಯ ನಿಲುವಂಗಿಯ ಕುರಿತು ಒಂದು ಪ್ರಬಂಧ ಬರೆದ. ಅವನಿಗೆ ಹೊಸದೊಂದು ಸೊಗಸಾದ ನಿಲುವಂಗಿ ಬಂದಿತ್ತು. ಅದನ್ನು ತೊಟ್ಟು ನೋಡಿದರೆ ಹುಲ್ಲಿನ ಕುರ್ಚಿ ಸರಿಹೊಂದಲಿಲ್ಲ, ಮೇಜು ಸರಿಹೊಂದಲಿಲ್ಲ. ಒಂದೊಂದಾಗಿ ಎಲ್ಲವನ್ನೂ ಬದಲಾಯಿಸಿದ. ಕೊನೆಗೆ, ಹಳೆಯ ಅಂಗಿಗೆ ತಾನು ಒಡೆಯನಾಗಿದ್ದೆ, ಹೊಸದಕ್ಕೆ ಗುಲಾಮನಾದೆ ಎಂದು ಹಲುಬಿದ. ದಿದೆರೊ ಒಂದು ಅಂಗಿ ಸಿಕ್ಕಿದ ಮೇಲೆ ಕೆಟ್ಟ. ನಾವು ಟಿವಿಯನ್ನು ಇನ್ನೂ ಕೊಂಡಿರಲಿಲ್ಲ, ಬರೀ ವಿಚಾರಿಸುತ್ತಿದ್ದೆವು. ಅಷ್ಟಕ್ಕೇ ಮೇಜು ಹಳತಾಗಿತ್ತು.

ಹೀಗೆ ಅಳೆದೂ ಸುರಿದೂ ಕೊನೆಗೆ 46 ಸಾವಿರದ ಒಂದು ಟಿವಿಯನ್ನು ನಿಶ್ಚಯಿಸಿದೆವು. ಈಗಿನ ಟಿವಿಗಳು ತೆಳ್ಳಗಿರುವುದರಿಂದ ಸ್ಪೀಕರುಗಳು ಸಣ್ಣವು, ಹೆಚ್ಚಿನವುಗಳಲ್ಲಿ ಅವು ಕೆಳಗೆ ಅಥವಾ ಹಿಂದಕ್ಕೆ ಮುಖ ಮಾಡಿರುತ್ತವೆ. ಮಾತು ಅಸ್ಪಷ್ಟವಾಗಲು ಅದೂ ಒಂದು ಕಾರಣ. ಆದ್ದರಿಂದ ಅಮ್ಮನಿಗಾಗಿ ಬೇರೆ ಸೌಂಡ್‌ಬಾರ್ ಕೂಡ ಬೇಕೆಂದು ಅದರ ವಿಚಾರಣೆ ಶುರುವಾಗಿತ್ತು. ಅಷ್ಟರಲ್ಲಿ ಹಳೆಯ ಟಿವಿಯನ್ನು ಯಾರಿಗಾದರೂ ಕೊಡುವುದಾದರೆ ಅದರ ಸ್ಥಿತಿ ಹೇಗಿದೆ ನೋಡೋಣವೆಂದು ಪೇಟೆಯಲ್ಲಿ ರೇಡಿಯೋ ಕಾಲದಿಂದಲೂ ರಿಪೇರಿ ಅಂಗಡಿ ಇಟ್ಟಿರುವ ಕಾಕ ಒಬ್ಬರನ್ನು ಕರೆಸಿದೆವು.

ಕಾಕ ಟಿವಿಯ ಹಿಂದೆ ಬಗ್ಗಿ ಕೆಲಸ ಮಾಡುತ್ತಾ, ಯಾವಾಗಿನಿಂದ ಹೀಗಾಗಿದೆ ಎಂದು ಅಮ್ಮನನ್ನು ಕೇಳಿದರು. ಅಮ್ಮ ಉತ್ತರಿಸಲಿಲ್ಲ. ಎರಡನೆಯ ಸಲವೂ ಕೇಳಿದರು. ಅಮ್ಮ ಸುಮ್ಮನೆ ಕುಳಿತಿದ್ದರು. ಕಾಕ ಎದ್ದು ಮುಂದೆ ಬಂದು ಅವರ ಮುಖ ನೋಡಿ ಅದೇ ಮಾತನ್ನು ಅದೇ ಸ್ವರದಲ್ಲಿ ಹೇಳಿದಾಗ ಅಮ್ಮ ಸರಿಯಾಗಿಯೇ ಉತ್ತರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಕಾಕ ನಮ್ಮನ್ನು ಅಂಗಳಕ್ಕೆ ಕರೆದು, “ಟಿವಿಗೆ ಎಂತ ಸಾ ಆಗ್ಲಿಲ್ಲ ಮಾರಾಯ್ರೆ. ನೀವು ಮೊದಲು ಅಮ್ಮನ ಕಿವಿ ತೋರಿಸಿ” ಎಂದರು. ನೋಡಿದ್ದಕ್ಕೆ ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಕಿವಿಯ ಪರೀಕ್ಷೆಯಾಯಿತು. ಎರಡೂ ಕಿವಿಗಳಲ್ಲಿ ಪ್ರಾಯದೊಂದಿಗೆ ಬರುವ ಶ್ರವಣದೋಷ. ಅದು ಸಾಮಾನ್ಯವಾಗಿ ತೀಕ್ಷ್ಣ ಶಬ್ದಗಳಿಂದ ಆರಂಭವಾಗುತ್ತದೆಂದು ಅಲ್ಲಿನವರು ವಿವರಿಸಿದರು. ಅ, ಆ, ಉ ಮುಂತಾದ ಸ್ವರಗಳ ಶಕ್ತಿ ಇರುವುದು ತಗ್ಗಿನ ಕಂಪನಗಳಲ್ಲಿ, ಅವು ಚೆನ್ನಾಗಿಯೇ ಕೇಳಿಸುತ್ತವೆ. ಸ, ಶ, ತ, ಕ, ಪ ಮುಂತಾದ ವ್ಯಂಜನಗಳನ್ನು ಗುರುತಿಸಲು ಎತ್ತರದ ಕಂಪನಗಳು ಬೇಕು, ಅವು ಜಾರಿಹೋಗುತ್ತವೆ. ಸಾಲ, ಕಾಲ, ತಾಳ ಎಲ್ಲವೂ ಒಂದೇ ಆಗಿ ಕೇಳಿಸುತ್ತವೆ. ವಾಲ್ಯೂಮ್ ಏರಿಸಿದರೆ ಸ್ವರಗಳೂ ಹಿನ್ನೆಲೆಯ ಸಂಗೀತವೂ ಅಬ್ಬರಿಸುತ್ತವೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ಎದುರು ನಿಂತು ಮಾತಾಡಿದರೆ ತುಟಿಯ ಚಲನೆ ನೋಡಿ ಉಳಿದದ್ದನ್ನು ಊಹಿಸಿಕೊಳ್ಳುತ್ತಾರೆ, ಆದ್ದರಿಂದ ಮನೆಯವರಿಗೆ ಬೇಗ ಗೊತ್ತಾಗುವುದಿಲ್ಲ.

‘ಸ್ವರ ಬರುತ್ತದೆ, ಮಾತು ಬರುವುದಿಲ್ಲ.’ ಆ ಪರೀಕ್ಷೆಯ ಕಾಗದದಲ್ಲಿ ಇದ್ದದ್ದನ್ನೇ ಅಮ್ಮ ತಿಂಗಳುಗಳಿಂದ ನಮಗೆ ಹೇಳುತ್ತಿದ್ದರು. ಅದಕ್ಕಿಂತ ಖಚಿತವಾಗಿ ಯಾವ ವೈದ್ಯರೂ ಹೇಳಲಾರರು. ನಾವು ಅದನ್ನು ಟಿವಿಯ ಬಗೆಗಿನ ದೂರು ಎಂದು ಓದಿಕೊಂಡೆವು. ಅಮ್ಮನೂ ಹಾಗೆಯೇ ತಿಳಿದಿದ್ದರು ಎನ್ನಿ. ಆದರೆ ನಮ್ಮ ವಿಚಾರಣೆಯಲ್ಲಿ ಹನ್ನೊಂದು ಟಿವಿಗಳ ಪಾಲು ಎಷ್ಟು, ಅಮ್ಮನ ಪಾಲು ಎಷ್ಟು? ಮೂರು ವಾರಗಳಲ್ಲಿ ಒಂದು ಸಂಜೆಯಾದರೂ ಅವರ ಪಕ್ಕದಲ್ಲಿ ಕುಳಿತು, ಯಾವ ಮಾತು ತಿಳಿಯುವುದಿಲ್ಲ, ಯಾರ ಮಾತು ತಿಳಿಯುವುದಿಲ್ಲ, ಮನೆಯವರ ಮಾತು ತಿಳಿಯುತ್ತದೆಯೇ ಎಂದು ಕೇಳಿದ್ದಿದ್ದರೆ! ಕೇಳಲಿಲ್ಲ. ಕೆಲಸ ಅವರಿಗಾಗಿಯೇ ನಡೆಯುತ್ತಿದೆ ಎಂಬ ಸಮಾಧಾನ ನಮಗಿತ್ತು. ಆ ಸಮಾಧಾನವೇ ಅಡ್ಡ ಬಂತು.

ಇಲ್ಲಿರುವ ನೈತಿಕ ಪ್ರಶ್ನೆ ದುಂದುಗಾರಿಕೆಯದು ಮಾತ್ರ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಅಗತ್ಯ ಮತ್ತು ಆಸೆ ಎಂದು ಎರಡು ಗೆರೆ ಎಳೆದು, ಆಸೆಯನ್ನು ಬಿಡಿ ಎಂದು ಉಪದೇಶಿಸಿ ಮುಗಿಸಬಹುದಿತ್ತು. ನಮ್ಮ ಮನೆಯಲ್ಲಿ ಅಗತ್ಯ ನಿಜವಾಗಿತ್ತು. ಹಣವೂ ನ್ಯಾಯವಾಗಿ ಗಳಿಸಿದ್ದಾಗಿತ್ತು. ಉದ್ದೇಶವೂ ಒಳ್ಳೆಯದೇ. ಶ್ರಮಕ್ಕೂ ಕೊರತೆಯಿರಲಿಲ್ಲ. ಇಷ್ಟೆಲ್ಲ ಇದ್ದೂ ನಾವು ತಪ್ಪು ದಾರಿಯಲ್ಲಿ ಬಹಳ ಶ್ರದ್ಧೆಯಿಂದ ನಡೆದೆವು. ವಸ್ತುವಿನ ಬಗ್ಗೆ ವಿಚಾರಿಸುವುದು ಸುಲಭ. ಅದು ಅಂಕಿಗಳಲ್ಲಿ ಉತ್ತರ ಕೊಡುತ್ತದೆ, ಬೇಸರಿಸಿಕೊಳ್ಳುವುದಿಲ್ಲ, ನಮ್ಮಿಂದ ಏನನ್ನೂ ಮರಳಿ ಕೇಳುವುದಿಲ್ಲ. ಮನುಷ್ಯರನ್ನು ವಿಚಾರಿಸಿದರೆ ಉತ್ತರ ತಡವಾಗಿ ಬರುತ್ತದೆ, ಅರ್ಧ ಬರುತ್ತದೆ. ಆ ಉತ್ತರಕ್ಕೆ ನಾವು ಬದ್ಧರಾಗಬೇಕಾಗುತ್ತದೆ. ಸುಲಭವಾದ ವಿಚಾರಣೆ ಕಷ್ಟವಾದ ವಿಚಾರಣೆಯ ಜಾಗವನ್ನು ಆಕ್ರಮಿಸಿಕೊಂಡಾಗ ನಮಗೆ ಅದು ತಿಳಿಯುವುದೇ ಇಲ್ಲ, ಯಾಕೆಂದರೆ ಎರಡಕ್ಕೂ ನಾವು ಜವಾಬ್ದಾರಿ ಎಂದೇ ಹೆಸರಿಡುತ್ತೇವೆ.

ಕಷ್ಟದ ಪ್ರಶ್ನೆ ಆಮೇಲೆ ಬಂತು. ಎರಡೂ ಕಿವಿಗಳಿಗೆ ಹೊಂದುವ ಶ್ರವಣ ಸಾಧನಕ್ಕೆ ನಾವು ಟಿವಿಗೆಂದು ಎತ್ತಿಟ್ಟ ಹಣವೂ ಸಾಲದಾಯಿತು. ಟಿವಿ ಬಿಡುವುದು ನಮಗೆ ಕಷ್ಟವಾಗಲಿಲ್ಲ. ಒಪ್ಪದವರು ಅಮ್ಮ. “ಈ ಪ್ರಾಯದಲ್ಲಿ ನನ್ನ ಒಬ್ಬಳ ಕಿವಿಗೆ ಅಷ್ಟು ದುಡ್ಡು ಯಾಕೆ? ಟಿವಿ ಆದರೆ ಎಲ್ಲರೂ ನೋಡಬಹುದು” ಎಂದರು. ಅವರ ಮಾತಿನಲ್ಲಿ ತರ್ಕವಿತ್ತು. ಐವತ್ತು ಸಾವಿರದಿಂದ ಐದು ಜನರಿಗೆ ಸ್ವಲ್ಪ ಸಂತೋಷ ಸಿಗುವುದಾದರೆ, ಅದನ್ನು ಒಬ್ಬರಿಗೇ ಯಾಕೆ ಖರ್ಚು ಮಾಡಬೇಕು? ಲೆಕ್ಕದ ಪುಸ್ತಕದಲ್ಲಿ ಅವರು ಹೇಳಿದ್ದೇ ಸರಿಯೆನಿಸೀತು. ಆದರೆ ಸಂತೋಷಗಳನ್ನು ಕೂಡಿಸಿ ಒಂದು ನಷ್ಟದ ಎದುರು ಇಡಬಹುದೇ? ಐದು ಜನರ ಚಿತ್ರ ಇನ್ನಷ್ಟು ಚೆಂದವಾಗುವುದು, ಒಬ್ಬರಿಗೆ ಮನೆಯ ಮಾತುಕತೆಯೇ ಕೈತಪ್ಪುವುದು, ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂದು ನಮಗನಿಸಿತು. ಶ್ರವಣದೋಷವನ್ನು ಹಾಗೆಯೇ ಬಿಟ್ಟರೆ ಅದು ಮರೆಗುಳಿತನದ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ ಕಾರಣಗಳಲ್ಲಿ ಒಂದೆಂದು ‘ಲ್ಯಾನ್ಸೆಟ್’ ಪತ್ರಿಕೆಯ ಆಯೋಗ 2017ರಿಂದಲೂ ಹೇಳುತ್ತಾ ಬಂದಿದೆ. ಇದನ್ನೆಲ್ಲ ಹೇಳಿದರೂ ಅಮ್ಮ ಒಪ್ಪಲಿಲ್ಲ. ಕೊನೆಗೆ ಒಪ್ಪಿದ್ದು ಸಣ್ಣ ಮೊಮ್ಮಗಳ ಮಾತಿಗೆ. ಅವಳ ಸಣ್ಣ ದನಿ ಅಮ್ಮನಿಗೆ ಬಹಳ ಕಾಲದಿಂದ ಸರಿಯಾಗಿ ತಿಳಿಯುತ್ತಿರಲಿಲ್ಲ. ಅಜ್ಜಿ ತನಗೆ ಉತ್ತರ ಕೊಡುವುದಿಲ್ಲ ಎಂದು ಅವಳು ಮಾತಾಡುವುದನ್ನೇ ಕಡಿಮೆ ಮಾಡಿದ್ದಳು.

ಈ ಹೊಸ ವಿಚಾರಣೆಯಲ್ಲಿ ನಮಗೆ ಹಳೆಯ ನೋಟ್‌ಬುಕ್ಕಿನ ಸುಖ ಸಿಗಲಿಲ್ಲ. ಟಿವಿಯ ಬಗ್ಗೆ ಊರಿಡೀ ಸಲಹೆ ಕೊಡುತ್ತದೆ, ಶ್ರವಣ ಸಾಧನದ ಬಗ್ಗೆ ಮಾತಾಡಲು ನಾಚುತ್ತದೆ. ಟಿವಿಯ ತೆರಿಗೆ ಇಳಿದದ್ದು ದೊಡ್ಡ ಸುದ್ದಿಯಾಯಿತು. ಶ್ರವಣ ಸಾಧನಕ್ಕೆ 2017ರಲ್ಲಿ ಜಿಎಸ್‌ಟಿ ಬಂದಾಗಲೇ ತೆರಿಗೆಯಿಂದ ವಿನಾಯಿತಿ ಸಿಕ್ಕಿದ್ದು ನಮಗೆ ಗೊತ್ತೇ ಇರಲಿಲ್ಲ. ನಮ್ಮದೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬಡತನ ರೇಖೆಯ ಕೆಳಗಿನ ಹಿರಿಯರಿಗೆ ಶ್ರವಣ ಸಾಧನವೂ ಸೇರಿದಂತೆ ನೆರವಿನ ಉಪಕರಣಗಳನ್ನು ಕೊಡಲು ಕೇಂದ್ರ ಸರಕಾರ 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು ಆರಂಭಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಜಗತ್ತಿನ 43 ಕೋಟಿ ಜನರಿಗೆ ಶ್ರವಣದೋಷಕ್ಕಾಗಿ ನೆರವು ಬೇಕಾಗಿದೆ ಎಂದಿತು. ಇಷ್ಟು ಜನರ ಪ್ರಶ್ನೆಯೊಂದು ಬಾಗಿಲು ಹಾಕಿದ ಕೋಣೆಗಳಲ್ಲಿ, ಏರಿಸಿದ ಟಿವಿಯ ಸದ್ದಿನಡಿ ಉಳಿದುಬಿಟ್ಟಿದೆ.

‘ಎಲ್ಲಕ್ಕಿಂತ ಉತ್ತಮವಾದದ್ದು ಯಾವುದು?’ ಎಂದು ಹುಡುಕುವುದು ಮನುಷ್ಯನ ಶಕ್ತಿಗೆ ಮೀರಿದ ಕೆಲಸವೆಂದು ಅಮೆರಿಕದ ಚಿಂತಕ ಹರ್ಬರ್ಟ್ ಸೈಮನ್ ವಾದಿಸಿದ್ದರು. ಸಾಕಷ್ಟು ಒಳ್ಳೆಯದು ಸಿಕ್ಕಿದಲ್ಲಿ ಹುಡುಕಾಟ ನಿಲ್ಲಿಸುವುದೇ ನಾವು ಮಾಡಬಹುದಾದದ್ದು ಎಂದು ಅವರು 1956ರ ಲೇಖನವೊಂದರಲ್ಲಿ ತೋರಿಸಿದರು. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರ ಮಾತು ಸರಿ. ಆದರೆ ‘ಸಾಕು’ ಎಂಬುದನ್ನು ನಿರ್ಧರಿಸುವವರು ಯಾರು? ಅದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಹಾಲ್‌ನಲ್ಲಿ ಯಾರು ಎಲ್ಲಿ ಕುಳಿತುಕೊಳ್ಳುತ್ತಾರೆ, ಯಾರ ಕಣ್ಣು ಹೇಗಿದೆ, ಯಾರ ಕಿವಿ ಹೇಗಿದೆ, ಎಷ್ಟು ಹೊತ್ತಿಗೆ ಯಾರಿಗೆ ನಿದ್ದೆ ಬೇಕು ಎಂದು ತಿಳಿದವರಿಗೆ ಮಾತ್ರ ಆ ಮನೆಗೆ ಎಷ್ಟು ಸಾಕು ಎಂದು ಹೇಳಲು ಸಾಧ್ಯ.

1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದ ಭಾನುವಾರಗಳು ಹಲವರಿಗೆ ನೆನಪಿರಬಹುದು. ಕೇರಿಗೊಂದೇ ಟಿವಿ. ಜಾತಿ ಧರ್ಮ ನೋಡದೆ ಎಲ್ಲ ಮನೆಯವರೂ ಅದರ ಮುಂದೆ. ಕೇಳಿಸದ ಅಜ್ಜಂದಿರಿಗೆ ಪಕ್ಕದಲ್ಲಿ ಕುಳಿತ ಮಕ್ಕಳು ಕಿವಿಯಲ್ಲಿ ಹೇಳುತ್ತಿದ್ದರು. ಆ ಕಾಲವೇ ಚೆನ್ನಾಗಿತ್ತು ಎಂದು ನಾವು ಹೇಳುವುದಿಲ್ಲ. ಆ ಅಜ್ಜಂದಿರಿಗೆ ಕಿವಿಯ ಪರೀಕ್ಷೆ ಮಾಡಿಸಿದವರೂ ಯಾರೂ ಇರಲಿಲ್ಲ. ಇಂದು ಉಪಕರಣ ಇದೆ, ಅದು ದೊಡ್ಡ ಅನುಗ್ರಹ. ಪಕ್ಕದಲ್ಲಿ ಕುಳಿತುಕೊಳ್ಳುವ ಅಭ್ಯಾಸ ಹೋಗಿದೆ, ಅಷ್ಟೇ.

ಶ್ರವಣ ಸಾಧನ ಪವಾಡವನ್ನೇನೂ ಮಾಡಲಿಲ್ಲ. ಮೊದಲ ವಾರಗಳಲ್ಲಿ ಸ್ಟೀಲ್ ತಟ್ಟೆಯ ಸದ್ದು, ನಲ್ಲಿಯ ನೀರು, ಫ್ಯಾನಿನ ಗಾಳಿ ಎಲ್ಲವೂ ಅಮ್ಮನ ತಲೆ ಕೆಡಿಸಿದವು. ಮೂರು ಸಲ ಹೋಗಿ ಹೊಂದಿಸಿಕೊಂಡು ಬಂದೆವು. ಮದುವೆ ಮನೆಗಳಲ್ಲಿ ಈಗಲೂ ಅವರು ಅದನ್ನು ತೆಗೆದು ಪರ್ಸಿನಲ್ಲಿಟ್ಟುಕೊಳ್ಳುತ್ತಾರೆ. ಸಂಜೆಯ ವಾರ್ತೆಗೆ ವಾಲ್ಯೂಮ್ ಹದಿನೆಂಟು ಸಾಕಾಗುತ್ತದೆ. ಟಿವಿ ಹಳೆಯದೇ. ಸೋಫಾವನ್ನು ಮೂರು ಅಡಿ ಮುಂದಕ್ಕೆ ಸರಿಸಿದ್ದೇವೆ. ಒಂದು ದಿನ ಊಟ ಮಾಡುವಾಗ ಅಮ್ಮ, “ನೀವೆಲ್ಲ ಯಾಕೆ ಇಷ್ಟು ಗಟ್ಟಿ ಮಾತಾಡುವುದು?” ಎಂದು ಕೇಳಿದರು. ನಾವು ಎಷ್ಟು ಕಾಲದಿಂದ ಅವರೊಂದಿಗೆ ಕಿರುಚುತ್ತಿದ್ದೆವೋ ನಮಗೇ ತಿಳಿಯದು.

ಈ ಟಿವಿಯೂ ಒಂದು ದಿನ ಕೆಡುತ್ತದೆ. ಆಗ ಮತ್ತೆ ವಿಚಾರಿಸಿಯೇ ಹೊಸದನ್ನು ಕೊಳ್ಳುತ್ತೇವೆ. ಆದರೆ ನೋಟ್‌ಬುಕ್ ಸದ್ಯಕ್ಕೆ ನಮ್ಮ ಕೈಯಲ್ಲಿಲ್ಲ. ಯಾವಾಗ ಕೇಳಿಸಿತು, ಯಾವಾಗ ಕೇಳಿಸಲಿಲ್ಲ ಎಂದು ಬರೆದುಕೊಂಡು ಬನ್ನಿ ಎಂದು ಕಿವಿ ಪರೀಕ್ಷಿಸಿದವರು ಅಮ್ಮನಿಗೆ ಹೇಳಿದ್ದಾರೆ. ಹನ್ನೊಂದು ಟಿವಿಗಳ ಪುಟ ಕಳೆದು, ಮುಂದಿನ ಪುಟದಿಂದ ಅವರು ತಮ್ಮ ದುಂಡು ಅಕ್ಷರದಲ್ಲಿ ಬರೆಯುತ್ತಿದ್ದಾರೆ. ಇದಕ್ಕೂ ಅವರು ಕಾಲಂ ಹಾಕಿದ್ದಾರೆ, ಎರಡೇ ಎರಡು. ನಾವು ದಿನಕ್ಕೊಮ್ಮೆ ಅದನ್ನು ಓದುತ್ತೇವೆ.